ಒಂದೇ ಟೇಪಿನ ಅಳತೆ

"ನಿಮ್ಮ ಟೇಪು ಸುಳ್ಳು ಹೇಳುತ್ತೆ."

ಅವಳು ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆಯದೆ ತಲೆ ಎತ್ತಿದಳು. ಕೌಂಟರಿನ ಆಚೆ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಕಿವಿಯ ಪಕ್ಕ ನರೆ, ಇಸ್ತ್ರಿ ಮುರಿಯದ ಅಂಗಿ. ಕೈಯಲ್ಲಿ ಮೊನ್ನೆ ತಾನೇ ಇದೇ ಅಂಗಡಿಯಲ್ಲಿ ಹೊಲಿದ ಕಪ್ಪು ಪ್ಯಾಂಟು.

"ಇಪ್ಪತ್ತು ವರ್ಷದಿಂದ ಬಟ್ಟೆ ಹೊಲೀತಿದೀನಿ. ಹಾಗಂದವರು ನೀವೇ ಮೊದಲು."

"ಬೇರೆಯವರು ಅಳೆದು ನೋಡಿರಲ್ಲ."

ಅವನು ಚೀಲದಿಂದ ಉದ್ದನೆಯ ಸ್ಟೀಲ್ ಸ್ಕೇಲು ತೆಗೆದು ಕೌಂಟರಿನ ಮೇಲಿಟ್ಟ. ಅವಳ ಕೊರಳಲ್ಲಿದ್ದ ಟೇಪಿಗಾಗಿ ಕೈ ಚಾಚಿದ. ಅವಳು ಕೊಟ್ಟಳು. ಇಬ್ಬರೂ ಬಗ್ಗಿದರು. ತಲೆಗೆ ತಲೆ ತಾಗುವಷ್ಟು ಹತ್ತಿರ. ಸ್ಕೇಲಿನ ಮೂವತ್ತಾರನ್ನು ದಾಟಿ ಮುಕ್ಕಾಲು ಇಂಚು ಆಚೆಗೆ ಟೇಪಿನ ಮೂವತ್ತಾರು ಹೋಗಿ ಕೂತಿತ್ತು. ವರ್ಷಗಟ್ಟಲೆ ಎಳೆದೂ ಎಳೆದೂ ಬಟ್ಟೆಯ ಟೇಪು ಹಿಗ್ಗಿತ್ತು.

ಅವಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಆಮೇಲೆ ಏನೋ ಹೊಳೆಯಿತು.

"ಒಂದ್ನಿಮಿಷ... ಇವರ ಅಳತೆ ತಗೊಂಡಿದ್ದು ಯಾರು?"

ಇಸ್ತ್ರಿ ಮೇಜಿನ ಹಿಂದಿನಿಂದ ಅವಳ ನಾದಿನಿ ಉತ್ತರ ಕೊಟ್ಟಳು. "ಯಾರೂ ಇಲ್ಲ ಅತ್ತಿಗೆ. ಇವರು ಅಳತೆಗೆ ನಿಲ್ಲಲೇ ಇಲ್ಲ. ಮನೇಲೇ ಅಳ್ಕೊಂಡು ಚೀಟೀಲಿ ಬರ್ಕೊಂಡು ಬಂದಿದ್ರು."

"ಹಾಗಾದ್ರೆ ತಪ್ಪು ಟೇಪಿನದಲ್ಲ," ಎಂದಳು ಅವಳು. "ಇದರಲ್ಲೇ ಅಳೆದು ಇದರಲ್ಲೇ ಕತ್ತರಿಸಿದ್ರೆ ಬಟ್ಟೆ ಮೈಗೆ ಸರಿಯಾಗಿ ಕೂರುತ್ತೆ. ನೀವು ಅಳೆದಿದ್ದು ನಿಮ್ಮ ಸ್ಕೇಲಿನ ಲೆಕ್ಕದಲ್ಲಿ, ನಾನು ಕತ್ತರಿಸಿದ್ದು ನನ್ನ ಟೇಪಲ್ಲಿ. ಪ್ಯಾಂಟು ಜಾರದೆ ಇನ್ನೇನಾಗುತ್ತೆ?"

ಅವನು ಟೇಪನ್ನೂ ಸ್ಕೇಲನ್ನೂ ಮತ್ತೊಮ್ಮೆ ನೋಡಿದ. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.

"ಸರಿ ಇದೆ," ಎಂದ ಕೊನೆಗೆ, ಕಹಿ ಮಾತ್ರೆ ನುಂಗಿದವನಂತೆ.

ಗೆದ್ದ ಖುಷಿಯಲ್ಲಿ ಅವಳು ಟೇಪು ಹಿಡಿದು ಕೌಂಟರಿನಿಂದ ಈಚೆಗೆ ಬಂದಳು. ನಿಂತುಕೊಳ್ಳಿ, ಈಗಲೇ ಅಳತೆ ತಗೊಂಡು ಸೊಂಟ ಸರಿಮಾಡಿ ಕೊಡ್ತೀನಿ ಎಂದಳು. ಅವನು ಬೆನ್ನು ಬಾಗಿಲಿಗೆ ತಾಗುವವರೆಗೆ ಹಿಂದೆ ಸರಿದ. ಬೇಡ, ಬೆಲ್ಟು ಹಾಕಿಕೊಳ್ಳುತ್ತೇನೆ ಎಂದು ಗೊಣಗಿ, ಪ್ಯಾಂಟನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟೇ ಹೋದ. ಸ್ಕೇಲು ಕೌಂಟರಿನ ಮೇಲೇ ಉಳಿಯಿತು.

"ಮುಕ್ಕಾಲು ಇಂಚಿಗೆ ಇಷ್ಟು ಜಗಳ," ಎಂದಳು ನಾದಿನಿ. "ಗುಲಗಂಜಿ ತೂಕಾನೂ ಬಿಡೋ ಮನುಷ್ಯ ಅಲ್ಲ ಇವನು."

ಅಂದಿನಿಂದ ಆ ಅಂಗಡಿಯಲ್ಲಿ ಅವನಿಗೆ ಗುಲಗಂಜಿ ಎಂದೇ ಹೆಸರಾಯಿತು.

ಮರುದಿನ ಸ್ಕೇಲು ಹಿಂದಿರುಗಿಸಲು ಅವಳೇ ಹೋದಳು. ನಾದಿನಿ ಹೋಗುತ್ತೇನೆ ಎಂದರೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ತನ್ನನ್ನು ತಾನೇ ಕೇಳಿಕೊಳ್ಳಲೂ ಇಲ್ಲ.

ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವನದು ತಕ್ಕಡಿ ರಿಪೇರಿಯ ಅಂಗಡಿ. ಗೋಡೆಯ ತುಂಬ ತಟ್ಟೆ ಕಳಚಿದ ತಕ್ಕಡಿಗಳು, ಹೊಟ್ಟೆ ಬಿಚ್ಚಿದ ಎಲೆಕ್ಟ್ರಾನಿಕ್ ಯಂತ್ರಗಳು. ಮೇಜು ಎಷ್ಟು ಸಮತಟ್ಟಾಗಿತ್ತೆಂದರೆ ಅದರ ಮೇಲಿಟ್ಟ ರಸಮಟ್ಟದ ಗುಳ್ಳೆ ನಡುವೆ ಅಲುಗಾಡದೆ ನಿಂತಿತ್ತು. ಅವನು ಹಿತ್ತಾಳೆಯ ತೂಕದ ಬಟ್ಟುಗಳನ್ನು ಚಿಮುಟದಲ್ಲಿ ಎತ್ತಿ ತಟ್ಟೆಗೆ ಇಡುತ್ತಿದ್ದ. ಕೈಯಲ್ಲಿ ಯಾಕೆ ಮುಟ್ಟುವುದಿಲ್ಲ ಎಂದು ಅವಳು ಕೇಳಿದಳು. ಬೆರಳಿನ ಬೆವರು ಅಂಟಿದರೆ ತೂಕ ತಪ್ಪುತ್ತದಂತೆ.

ಅವನು ಹಿಂದಿನ ದಿನದ ಮಾತಿಗೆ ಕ್ಷಮೆ ಕೇಳಿ ಒಂದು ಹೊಸ ಟೇಪು ಕೊಟ್ಟ. ಹಿಗ್ಗದ ಜಾತಿಯದು. ಅವಳು ತೆಗೆದುಕೊಂಡಳು, ಆದರೆ ಬಳಸುವುದಿಲ್ಲ ಎಂದಳು. ತನ್ನ ಗಿರಾಕಿಗಳ ಅಳತೆಯೆಲ್ಲ ಹಳೇ ಟೇಪಿನದು. "ಇದನ್ನ ಬಳಸಿದ ದಿನ ಊರಿನವರ ಪ್ಯಾಂಟೆಲ್ಲ ಬಿಗಿಯಾಗುತ್ತೆ. ಗುಂಡಿ ಕಿತ್ತು ಬಂದು ನಿಮ್ಮ ತಕ್ಕಡೀಲಿ ಬೀಳುತ್ತೆ."

ಅವನು ನಕ್ಕ. ಬಹಳ ದಿನದಿಂದ ತೆರೆಯದ ಬಾಗಿಲಿನ ಹಾಗೆ, ಸ್ವಲ್ಪ ಕಿರುಗುಟ್ಟುತ್ತ ಬಂದ ನಗು ಅದು.

ಆ ನಗುವೇ ಅವಳಿಗೆ ಮುಳುವಾಯಿತು.

ಅದಾದ ಮೇಲೆ ಕಾರಣಗಳು ತಾವಾಗಿ ಹುಟ್ಟಿಕೊಂಡವು. ಮನೆಯ ತಕ್ಕಡಿ ಕೆಟ್ಟಿತು. ಅವನ ಅಂಗಿಯ ಕಾಲರು ಸವೆಯಿತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಉದ್ಯಾನದ ಕಡೆ ನಡೆಯತೊಡಗಿದರು. ಅವನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಅವಳು ತನ್ನದನ್ನೂ ಹೇಳಿದಳು. ಗಂಡ ಬೇರೆಯವಳ ಜೊತೆ ಹೋದ, ಕೋರ್ಟಿನಲ್ಲಿ ಎಲ್ಲ ಮುಗಿಯಿತು. ಆದರೆ ಗಂಡನ ತಂಗಿ ಮಾತ್ರ ಅಣ್ಣನ ಹಿಂದೆ ಹೋಗದೆ ಅತ್ತಿಗೆಯ ಮನೆಯಲ್ಲೇ ಉಳಿದಳು. ಅಣ್ಣನಿಗಿಂತ ಅತ್ತಿಗೆಯ ಸಾರೇ ರುಚಿ ಎಂಬುದು ನಾದಿನಿ ಕೊಡುವ ಕಾರಣ.

ಒಂದನ್ನು ಮಾತ್ರ ಅವಳು ಹೇಳಲಿಲ್ಲ. ಹೋಗುವ ಮುನ್ನ ಗಂಡ ಆಡಿದ ಮಾತು. *ನಿನ್ನ ಪಕ್ಕ ಮಲಗೋದೂ ಒಂದೇ, ಮರದ ಹಲಗೆ ಪಕ್ಕ ಮಲಗೋದೂ ಒಂದೇ.*

ಅವನೂ ಏನನ್ನೋ ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಎಷ್ಟು ಕರೆದರೂ ಹೊರಗೆ ಕಾಫಿ ಕುಡಿಯುತ್ತಿರಲಿಲ್ಲ. ಎಲ್ಲಿ ಕೂತರೂ ಬಾಗಿಲಿನ ಹತ್ತಿರದ ಕುರ್ಚಿ ಹುಡುಕುತ್ತಿದ್ದ. ಬಿರುಬೇಸಿಗೆಯಲ್ಲೂ ಕಪ್ಪು ಪ್ಯಾಂಟು. ಸೀನು ಬಂದರೆ ಒಂದು ಕ್ಷಣ ಕಲ್ಲಾಗಿ ನಿಂತುಬಿಡುತ್ತಿದ್ದ. ಒಬ್ಬೊಬ್ಬರದು ಒಂದೊಂದು ರೀತಿ ಎಂದುಕೊಂಡು ಅವಳು ಸುಮ್ಮನಾದಳು.

ಒಂದು ಭಾನುವಾರ ಮಧ್ಯಾಹ್ನ ಅವನ ಮನೆಗೆ ಪರದೆ ಹಾಕಲು ಹೋದಳು. ಬಟ್ಟೆ ಅವಳೇ ಆರಿಸಿದ್ದು, ಹೊಲಿದದ್ದೂ ಅವಳೇ. ಅವಳು ಸ್ಟೂಲಿನ ಮೇಲೆ ನಿಂತು ಸರಳಿಗೆ ಪರದೆಯ ಬಳೆ ಪೋಣಿಸುತ್ತಿದ್ದಳು, ಅವನು ಸ್ಟೂಲು ಹಿಡಿದುಕೊಂಡಿದ್ದ. ಕೆಲಸ ಮುಗಿಸಿ ಇಳಿದಾಗ ಅವನ ಎರಡು ತೋಳುಗಳ ನಡುವೆ ಇಳಿದಳು. ಇಬ್ಬರೂ ಸರಿಯಲಿಲ್ಲ.

ಮುತ್ತು ಕೊಟ್ಟವರು ಯಾರು? ಅವಳ ಪ್ರಕಾರ ಇಬ್ಬರೂ. ಬಟ್ಟುಗಳನ್ನೂ ಮುಟ್ಟದ ಆ ಬೆರಳುಗಳು ಅವಳ ಬೆನ್ನನ್ನು ಹಿಡಿದವು, ಗಟ್ಟಿಯಾಗಿ, ಹಸಿದವನ ಹಾಗೆ. ಅವಳ ಮೈಯಲ್ಲಿ ಎಲ್ಲೋ ಮರೆತಿಟ್ಟಿದ್ದ ದೀಪ ಹೊತ್ತಿಕೊಂಡಿತು. *ನಾನು ಹಲಗೆಯಲ್ಲ...*

ಅಷ್ಟರಲ್ಲಿ ಅವನು ಸೆಟೆದುಕೊಂಡ. ಬಿಸಿ ತಾಗಿದವನಂತೆ ಅವಳನ್ನು ಬಿಟ್ಟು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿ ಬಹಳ ಹೊತ್ತು ಹರಿಯಿತು. ಹೊರಬಂದಾಗ ಅವಳ ಮುಖ ನೋಡಲಿಲ್ಲ.

"ನೀವು ಹೊರಡಿ. ಇದೆಲ್ಲ ಬೇಡ."

"ನನ್ನಿಂದ ಏನಾದ್ರೂ..."

"ದಯವಿಟ್ಟು ಹೊರಡಿ."

ಅವಳು ಚಪ್ಪಲಿ ಮೆಟ್ಟಿ ಹೊರಟಳು. ಮೆಟ್ಟಿಲಿಳಿಯುವಾಗ ಬೆರಳಲ್ಲಿ ಒಂದು ಪರದೆಯ ಬಳೆ ಸಿಕ್ಕಿಕೊಂಡಿರುವುದು ಕಂಡಿತು. ತಿರುಗಿ ಹೋಗಿ ಕೊಡಲಿಲ್ಲ.

ಮುಂದಿನ ವಾರಗಳಲ್ಲಿ ಅವಳು ಕೆಲಸ ಬಿಡಲಿಲ್ಲ, ಅಳಲೂ ಇಲ್ಲ. ಆದರೆ ಒಂದು ಕೋಟಿನ ಎರಡು ತೋಳನ್ನೂ ಎಡಗೈಗೇ ಕತ್ತರಿಸಿದಳು. ಒಂದು ರೇಷ್ಮೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತಳು. ಸ್ನಾನ ಮಾಡಿ ಬಂದು ಕನ್ನಡಿಯ ಮುಂದೆ ನಿಂತು ತನ್ನ ಜೋತ ಹೊಟ್ಟೆಯನ್ನೂ ಕತ್ತಿನ ಸುಕ್ಕನ್ನೂ ನೋಡಿಕೊಂಡಳು. ಒಬ್ಬನಾದರೆ ಅವನ ಕೊಬ್ಬು ಅನ್ನಬಹುದು. ಇಬ್ಬರು ಗಂಡಸರು ದೂರ ತಳ್ಳಿದರೆ?

ಸುಟ್ಟ ರೇಷ್ಮೆಯನ್ನು ಎತ್ತಿ ಹಿಡಿದು ನಾದಿನಿ ಕೇಳಿದಳು. "ಗುಲಗಂಜಿ ಏನಂದ?"

ಅವಳು ಹೇಳಿದಳು. ಭಾನುವಾರದ್ದನ್ನೂ ಹೇಳಿದಳು, ಹಲಗೆಯ ಮಾತನ್ನೂ ಮೊದಲ ಸಲ ಹೇಳಿದಳು. ನಾದಿನಿ ಸುಟ್ಟ ಬಟ್ಟೆಯನ್ನು ಮಡಿಸಿದಳು.

"ನಮ್ಮಣ್ಣ ಹೋಗಿ ಯಾವ ಕಾಲವಾಯ್ತು ಅತ್ತಿಗೆ. ಅವನಾಡಿದ ಮಾತನ್ನ ಇನ್ನೂ ಇಸ್ತ್ರಿ ಮಾಡಿ ಮಡಿಸಿಟ್ಕೊಂಡಿದೀಯಲ್ಲ." ಆಮೇಲೆ ದನಿ ಬದಲಿಸಿದಳು. "ಗಿರಾಕಿ ಪ್ಯಾಂಟು ವಾಪಸ್ ತಂದ್ರೆ ಎಲ್ಲಿ ಸರಿಯಿಲ್ಲ ಅಂತ ಕೇಳ್ತೀಯ ತಾನೆ? ಕೇಳದೆ ಬಿಚ್ಚೋಕೆ ಕೂರಲ್ಲ. ಹೋಗಿ ಕೇಳು. ಬೈದ್ರೆ ನಾನು ಬಂದು ಅವನ ತಕ್ಕಡೀನೆಲ್ಲ ಬುಡಮೇಲು ಮಾಡ್ತೀನಿ."

ಅವಳು ಹೋದಳು. ಅವನು ಮೇಜಿನ ಮುಂದೆ ಕೂತು ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಅವಳು ಗಿರಾಕಿಯ ಸ್ಟೂಲಿನ ಮೇಲೆ ಕೂತು ಪರದೆಯ ಬಳೆಯನ್ನು ಮೇಜಿನ ಮೇಲಿಟ್ಟಳು.

"ಕಾರಣ ಕೇಳೋಕೆ ಬಂದೆ. ಎಂಥದ್ದೇ ಆದ್ರೂ ಹೇಳಿ. ಎದ್ದು ಹೋಗ್ತೀನಿ."

ಅವನು ತಕ್ಕಡಿಯ ಮುಳ್ಳನ್ನೇ ನೋಡಿದ. ಅದು ನಿಂತಿತು. ಬಾಗಿಲಿನ ಹೊರಗೆ ಗಾಡಿಯೊಂದು ಸದ್ದು ಮಾಡುತ್ತ ಹೋಯಿತು.

"ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಗಿ ವರ್ಷ ಕಳೀತು."

ಅವಳು ಮುಂದಕ್ಕೆ ಬಾಗಿದಳು. "ಈಗ ಜೀವಕ್ಕೆ..."

"ಇಲ್ಲ, ಇಲ್ಲ. ಗಡ್ಡೆ ಬೇಗ ಸಿಕ್ಕಿತು. ಗ್ರಂಥೀನೇ ತೆಗೆದುಹಾಕಿದ್ರು. ರಕ್ತ ಪರೀಕ್ಷೇಲಿ ಇವತ್ತಿನವರೆಗೆ ಏನೂ ಬಂದಿಲ್ಲ."

ಅವಳು ಉಸಿರು ಬಿಟ್ಟಳು. ಅವನು ಮುಂದುವರಿಸಿದ. ಕೆಟ್ಟ ಯಂತ್ರದ ದೋಷವನ್ನು ಗಿರಾಕಿಗೆ ವಿವರಿಸುವ ದನಿ ಅದು. ಆ ದನಿಯಿಲ್ಲದೆ ಅವನಿಂದ ಹೇಳಲು ಆಗುತ್ತಿರಲಿಲ್ಲ. ಗ್ರಂಥಿ ನಿಂಬೆಹಣ್ಣಿಗಿಂತ ಚಿಕ್ಕದು, ಮೂತ್ರದ ದಾರಿಯ ಸುತ್ತ ಇರುತ್ತದೆ. ಅದರ ಎರಡು ಪಕ್ಕದಲ್ಲಿ ಕೂದಲಿನಷ್ಟು ತೆಳುವಾದ ನರಗಳು ಹಾದುಹೋಗುತ್ತವೆ, ಗಂಡಸಿನ ಉದ್ರೇಕ ಆ ನರಗಳ ಕೆಲಸ. ಒಂದು ಪಕ್ಕದವನ್ನು ಉಳಿಸಿದ್ದಾರೆ, ಇನ್ನೊಂದು ಪಕ್ಕದವು ಗಡ್ಡೆಯ ಜೊತೆಗೇ ಹೋದವು. ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಈಗಲೂ ಸ್ವಲ್ಪ ಮೂತ್ರ ಜಿನುಗುತ್ತದೆ. ಅದಕ್ಕೆ ಪ್ಯಾಡು. ಪ್ಯಾಡು ಕಾಣದಿರಲಿ ಎಂದು ಕಪ್ಪು ಪ್ಯಾಂಟು. ಸೊಂಟ ಸಡಿಲವಾದರೆ ಪ್ಯಾಡು ಸರಿಯುತ್ತದೆ, ಮುಕ್ಕಾಲು ಇಂಚಿಗೆ ಅಷ್ಟು ಸಿಟ್ಟು ಬಂದದ್ದು ಅದಕ್ಕೇ.

"ಅಳತೆಗೆ ನಿಲ್ಲದೆ ಇದ್ದಿದ್ದೂ ಅದಕ್ಕೇನಾ?"

"ಟೇಪು ಸುತ್ತುವಾಗ ನಿಮ್ಮ ಕೈಗೆ ತಾಗಿದ್ರೆ..."

"ಭಾನುವಾರ?"

ಅವನ ದನಿ ಅಲ್ಲಿ ಸೋತಿತು. "ನೀವು ಹತ್ರ ಬಂದ್ರಿ. ಮನಸ್ಸು ಎದ್ದು ನಿಂತಿತು, ಮೈ ಏಳಲಿಲ್ಲ. ಅದರ ಬದಲು... ಒದ್ದೆಯಾಯ್ತು. ಪ್ಯಾಡೂ ತಡೀಲಿಲ್ಲ. ನಿಮ್ಮ ಸೀರೆಗೆ ತಾಗಿತೇನೋ ಅಂತ ಜೀವ ಹೋಯ್ತು."

*ಅಷ್ಟಕ್ಕೇನಾ* ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅವಳು ಆಡಲಿಲ್ಲ. ಅವನಿಗೆ ಅದು ಅಷ್ಟೇ ಅಲ್ಲ ಎಂದು ಆ ಬಗ್ಗಿದ ಕತ್ತು ಹೇಳುತ್ತಿತ್ತು.

ಅದರ ಬದಲು ಅವಳಿಗೆ ಸಿಟ್ಟು ಬಂತು.

"ನೀವು ಬಚ್ಚಲಲ್ಲಿ ನಿಂತು ನಿಮ್ಮ ಮೈಗೆ ಬೈಕೊಂಡ್ರಿ. ನಾನು ಇಷ್ಟು ದಿನ ಕನ್ನಡಿ ಮುಂದೆ ನಿಂತು ನನ್ನ ಮೈಗೆ ಬೈಕೊಂಡೆ. ನನ್ನ ಕಂಡು ಅಸಹ್ಯ ಆಯ್ತು ಅಂದ್ಕೊಂಡೆ."

"ನಿಮ್ಮನ್ನ ಕಂಡಾ?" ಅವನು ನಿಜವಾಗಿ ದಿಗ್ಭ್ರಮೆಗೊಂಡ. "ಆಪರೇಷನ್ ಆದ ಮೇಲೆ ನನಗೆ ಏನಾದ್ರೂ ಬೇಕು ಅನ್ನಿಸಿದ್ದೇ ಅವತ್ತು ಮೊದಲು."

ತಕ್ಕಡಿಯ ಮುಳ್ಳು ಯಾರ ಉಸಿರಿಗೋ ಒಮ್ಮೆ ಅಲುಗಿ ಮತ್ತೆ ನಿಂತಿತು.

ಹೇಳಿ ಮುಗಿದ ಮೇಲೆ ಅವನು ತಾನೇ ತೀರ್ಪನ್ನೂ ಕೊಟ್ಟ. ನೀವು ಒಂದು ಸಲ ನೊಂದವರು. ನಿಮಗೆ ಪೂರ್ತಿ ಸಂಸಾರ ಸಿಗಬೇಕು, ನನ್ನಂಥ ಅರೆಬರೆ ಗಂಡಸನ್ನು ಕಟ್ಟಿಕೊಂಡು ಏನು ಸುಖ? ಕನಿಕರದಿಂದ ಉಳಿಯಬೇಡಿ. ಅವನು ಇದನ್ನೆಲ್ಲ ಬಹಳ ಸಲ ಒಬ್ಬನೇ ಹೇಳಿಕೊಂಡಿದ್ದನೆಂಬುದು ಸ್ಪಷ್ಟವಿತ್ತು. ಒಂದು ಪದದಲ್ಲೂ ಎಡವಲಿಲ್ಲ.

ಅವಳು ಕೇಳಿ ಮುಗಿಸಿದಳು. ಆಮೇಲೆ ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

"ಮತ್ತೆ ಅದೇ ತಪ್ಪು ಮಾಡ್ತಿದೀರ ನೀವು."

"ಯಾವ ತಪ್ಪು?"

"ಅಳತೆ ಮನೇಲೇ ತಗೊಂಡು ಬಂದಿದೀರ. ಯಾವ ಸ್ಕೇಲಲ್ಲಿ ಅಳೆದ್ರೋ, ಮೂವತ್ತು ವರ್ಷದ ಹುಡುಗನ ಸ್ಕೇಲೋ ಏನೋ. ಇಷ್ಟು ಕಡಿಮೆ ಅಂತ ಚೀಟಿ ಬರೆದು ನನ್ನ ಮುಂದೆ ಇಡ್ತಿದೀರ. ಹೊಲಿಯೋಳು ನಾನು. ನನಗೇನು ಬೇಕು, ಎಷ್ಟು ಬೇಕು ಅಂತ ಒಂದು ಮಾತು ಕೇಳಿದ್ರಾ?"

ಅವನು ಮೇಜಿನ ಮೇಲಿದ್ದ ಪರದೆಯ ಬಳೆಯನ್ನು ಕೈಗೆತ್ತಿಕೊಂಡ.

"ಕೇಳಿ."

"...ಏನು ಬೇಕು ನಿಮಗೆ?"

"ಅವತ್ತು ಬೆನ್ನ ಮೇಲಿದ್ದ ಕೈ ಬೇಕು. ಅದು ಸರಿಯಾಗೇ ಕೆಲಸ ಮಾಡ್ತಿತ್ತು." ಮಾತು ಮುಗಿಯುವಷ್ಟರಲ್ಲಿ ಅವಳ ಕಿವಿ ಕೆಂಪಾಗಿತ್ತು. ಆದರೂ ನಿಲ್ಲಿಸಲಿಲ್ಲ. "ಉಳಿದಿದ್ದಕ್ಕೆ ಡಾಕ್ಟರ್ ಏನಂದ್ರು?"

ಡಾಕ್ಟರರನ್ನು ಅವನು ಕೇಳಿಯೇ ಇರಲಿಲ್ಲ. ಪ್ರತಿ ಸಲ ರಕ್ತ ಪರೀಕ್ಷೆಯ ವರದಿ ನೋಡಿದ ಮೇಲೆ ಆಕೆ "ಇನ್ನೇನಾದ್ರೂ ಇದೆಯಾ?" ಎನ್ನುತ್ತಿದ್ದರು. ಇವನು "ಏನಿಲ್ಲ" ಎಂದು ಎದ್ದು ಬರುತ್ತಿದ್ದ. ಆಕೆ ಅವನ ಮಗಳ ವಯಸ್ಸಿನವರು. ಒಂಟಿ ಮನುಷ್ಯ, ಈ ವಯಸ್ಸು, ಜೀವ ಉಳಿದದ್ದೇ ದೊಡ್ಡದು, ಇದನ್ನೂ ಕೇಳಿದರೆ ಏನೆಂದುಕೊಂಡಾರು?

"ಮುಂದಿನ ಸಲ ನಾನೂ ಬರ್ತೀನಿ," ಎಂದಳು. "ನಿಮ್ಮ ಪರವಾಗಿ ಮಾತಾಡಲ್ಲ. ಪಕ್ಕದಲ್ಲಿ ಕೂತಿರ್ತೀನಿ, ಅಷ್ಟೇ."

ಆಸ್ಪತ್ರೆಯ ಆ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಪರೀಕ್ಷೆಯ ಮಂಚ, ಗೋಡೆಯ ಮೇಲೆ ಮೂತ್ರಪಿಂಡದ ಚಿತ್ರ. ಡಾಕ್ಟರು ಅವಳನ್ನು ನೋಡಿ ಇವರು ಯಾರು ಎಂದು ಕೇಳಿದರು. ಅವನು ಉತ್ತರ ಹುಡುಕುತ್ತಿದ್ದ. ಅವಳಿಗೂ ತಟ್ಟನೆ ಏನೂ ತೋಚಲಿಲ್ಲ.

"ಅವರ ಟೈಲರ್," ಎಂದುಬಿಟ್ಟಳು.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದರಿಂದ ಬಿಗಿದಿದ್ದ ಭುಜ ಒಂದಿಷ್ಟು ಇಳಿಯಿತು.

ವರದಿ ಚೆನ್ನಾಗಿತ್ತು. ಡಾಕ್ಟರು ಎಂದಿನಂತೆ ಕಾಗದ ಮಡಿಸುತ್ತ ಕೇಳಿದರು. "ಇನ್ನೇನಾದ್ರೂ ಇದೆಯಾ?"

ಅವಳು ತನ್ನ ಕೈಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮಾತಾಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. *ಹೇಳಿ... ಒಂದೇ ಒಂದು ಮಾತು.* ಅವನು ಕುರ್ಚಿಯಿಂದ ಅರ್ಧ ಎದ್ದಿದ್ದ. ಎದ್ದವನು ಮತ್ತೆ ಕೂತ.

"ಇದೆ," ಎಂದ.

ಮೊದಲು ತಡವರಿಸಿದ, ಆಮೇಲೆ ಎಲ್ಲವನ್ನೂ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ನಡುವೆ ಒಮ್ಮೆಯೂ ನಗಲಿಲ್ಲ, ಅಯ್ಯೋ ಎನ್ನಲಿಲ್ಲ. ಕೊನೆಗೆ, ಇದನ್ನು ನಾನೇ ನೇರವಾಗಿ ಕೇಳಬೇಕಿತ್ತು, ನಿಮ್ಮ ಜಾಗದಲ್ಲಿ ಕೂತವರಲ್ಲಿ ಬಹಳ ಜನರಿಗೆ ಇದೇ ಕಷ್ಟ, ಎಂದರು.

ಆಮೇಲೆ ಚಿತ್ರ ಬರೆದು ತೋರಿಸಿದರು. ಉಳಿದ ನರಗಳು ಪೆಟ್ಟು ತಿಂದು ಮಲಗಿವೆ, ಎಚ್ಚರವಾಗಲು ಎರಡು ವರ್ಷ ಹಿಡಿಯಬಹುದು, ಕೆಲವರಿಗೆ ಇನ್ನೂ ಹೆಚ್ಚು. ಕೆಲವರಿಗೆ ಪೂರ್ತಿ ಬರುತ್ತದೆ, ಕೆಲವರಿಗೆ ಅರ್ಧ, ಕೆಲವರಿಗೆ ಬರುವುದೇ ಇಲ್ಲ. ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಬಯಕೆಯ ನೆಲೆ ಬೇರೆ, ಸ್ಪರ್ಶದ ನರಗಳೂ ಬೇರೆ. ಉದ್ರೇಕವಿಲ್ಲದೆಯೂ ಸುಖದ ತುದಿ ಮುಟ್ಟಬಹುದು, ವೀರ್ಯ ಮಾತ್ರ ಇನ್ನು ಬರುವುದಿಲ್ಲ. ಹೃದಯದ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿ, ಇಲ್ಲ ಎಂದ ಮೇಲೆ ಒಂದು ಮಾತ್ರೆ ಬರೆದರು. ಅದು ಸಾಲದಿದ್ದರೆ ಗಾಳಿ ಎಳೆದು ಉದ್ರೇಕ ತರಿಸುವ ಒಂದು ಪಂಪು ಇದೆ, ಅದೂ ಸಾಲದಿದ್ದರೆ ಚುಚ್ಚುಮದ್ದು. ಜಿನುಗುವುದಕ್ಕೆ ಮೂತ್ರ ತಡೆಯುವ ಸ್ನಾಯುಗಳ ವ್ಯಾಯಾಮ. ಹತ್ತಿರವಾಗುವ ಮುನ್ನ ಬಚ್ಚಲಿಗೆ ಹೋಗಿ ಬನ್ನಿ, ಹಾಸಿಗೆಯ ಮೇಲೆ ಒಂದು ಟವೆಲ್ ಹಾಸಿಕೊಳ್ಳಿ. ಇದರಿಂದ ಜೊತೆಗಾತಿಗೆ ಕ್ಯಾನ್ಸರ್ ಅಂಟುವುದಿಲ್ಲ.

"ಪರೀಕ್ಷೆ ಅಂತ ಮಾತ್ರ ತಗೋಬೇಡಿ," ಎಂದರು ಡಾಕ್ಟರು. "ಪಾಸು ಫೇಲು ಏನಿಲ್ಲ ಇದರಲ್ಲಿ."

ಏಳುವ ಮುನ್ನ ಅವಳೂ ಬಾಯಿ ಬಿಟ್ಟಳು. ಮುಟ್ಟು ನಿಂತ ಮೇಲೆ ತನ್ನ ಮೈಯೂ ಬದಲಾಗಿದೆ, ಒಣಗಿದ ಹಾಗಿದೆ, ನೋವಾದೀತೇ ಎಂದು ಭಯ. ಡಾಕ್ಟರು ಅದಕ್ಕೂ ಒಂದು ಜೆಲ್ ಬರೆದುಕೊಟ್ಟರು. ಅವನು ಅವಳ ಕಡೆ ತಿರುಗಿ ನೋಡಿದ. ಬದಲಾದದ್ದು ತನ್ನದೊಂದೇ ಮೈ ಎಂದು ಅವನು ನಂಬಿಕೊಂಡಿದ್ದ.

ಆಮೇಲಿನದು ಕಥೆಗಳಲ್ಲಿ ಬರುವ ಹಾಗೆ ಒಂದೇ ದಿನಕ್ಕೆ ನಡೆಯಲಿಲ್ಲ.

ಅವನು ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುತ್ತ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಮಾಡಿದ. ಎದುರಿಗೆ ಕೂತ ಗಿರಾಕಿಗೆ ಏನೂ ತಿಳಿಯುತ್ತಿರಲಿಲ್ಲ. ಪ್ಯಾಡಿನ ಗಾತ್ರ ಸಣ್ಣದಾಗುತ್ತ ಬಂತು. ಪಂಪು ಕೊಂಡಾಗ ಅವನು ಮೊದಲು ಮಾಡಿದ ಕೆಲಸ ಅದರ ಮೀಟರು ಬಿಚ್ಚಲು ಹೊರಟದ್ದು. ಮೀಟರು ಸರಿಯಿಲ್ಲ ಎಂಬುದು ಅವನ ವಾದ. ಡಾಕ್ಟರ ಸಾಮಾನನ್ನು ರಿಪೇರಿ ಮಾಡಬೇಡಿ ಎಂದು ಅವಳು ಕಿತ್ತಿಟ್ಟುಕೊಂಡಳು, ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮಾತ್ರೆ ತೆಗೆದುಕೊಂಡ ಮೊದಲ ಭಾನುವಾರ ಏನೂ ಆಗಲಿಲ್ಲ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಅವನ ಬೆನ್ನಿಗೆ ಹಣೆ ಒತ್ತಿ ಹಾಗೇ ಇದ್ದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಆ ಮಾತು ಎಷ್ಟು ಟೊಳ್ಳೆಂದು ಅವಳಿಗೆ ಗೊತ್ತಿತ್ತು.

ಇನ್ನೊಂದು ಭಾನುವಾರ ಅವರು ಮಾತ್ರೆಯನ್ನು ಡಬ್ಬಿಯಲ್ಲೇ ಬಿಟ್ಟರು. ಹೊಸ ಪರದೆ ಎಳೆದಿತ್ತು, ಮಧ್ಯಾಹ್ನದ ಬೆಳಕು ಬಟ್ಟೆಯ ಬಣ್ಣ ಬಳಿದುಕೊಂಡು ಒಳಗೆ ಬರುತ್ತಿತ್ತು. ಹಾಸಿಗೆಯ ಮೇಲೆ ಅವಳೇ ಅಂಚು ಹೊಲಿದ ದಪ್ಪ ಟವೆಲ್ಲು. ಎಲ್ಲಿಗೂ ತಲುಪಬೇಕೆಂಬ ಅವಸರವಿರಲಿಲ್ಲ. ಅವನ ಬೆರಳುಗಳು ಅವಳ ಬೆನ್ನಿನಿಂದ ಶುರುಮಾಡಿ ನಿಧಾನವಾಗಿ, ಕೇಳಿ ಕೇಳಿ ಮುಂದೆ ಹೋದವು. ಇಲ್ಲಿಯಾ? ಇಲ್ಲಿ. ಹೀಗಾ? ಇನ್ನೂ ಮೆಲ್ಲಗೆ. ಇಷ್ಟು ವರ್ಷದ ಬಾಳಿನಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಮರದ ಹಲಗೆಯೆಂದು ಕರೆಸಿಕೊಂಡ ಮೈ ಅಂದು ತನ್ನದೇ ದನಿಗೆ ತಾನೇ ಬೆಚ್ಚಿತು.

ಆಮೇಲೆ ಅವಳ ಕೈಯಡಿಯಲ್ಲಿ ಅವನ ಉಸಿರೂ ಏರಿತು, ಮೈ ನಡುಗಿತು, ಸಡಿಲಾಯಿತು. ಉದ್ರೇಕ ಅರ್ಧಂಬರ್ಧ. ಸುಖ ಅರ್ಧವಾಗಿರಲಿಲ್ಲ. ಟವೆಲ್ಲು ಸ್ವಲ್ಪ ಒದ್ದೆಯಾಯಿತು. ಅವನು ಬೆಚ್ಚಿ ಸರಿಯಲು ಹೋದ. ಅವಳು ಅವನ ತೋಳು ಬಿಡಲಿಲ್ಲ.

"ಒಗೆದ್ರೆ ಹೋಗುತ್ತೆ. ಸುಮ್ಮನೆ ಮಲ್ಕೊಳ್ಳಿ," ಎಂದಳು.

ಅವನು ಮಲಗಿದ. ಸ್ವಲ್ಪ ಹೊತ್ತಿಗೆ ಅವನ ಎದೆ ಕುಲುಕತೊಡಗಿತು. ಅಳುತ್ತಿದ್ದಾನೆಂದು ಅವಳು ಗಾಬರಿಯಿಂದ ಮುಖ ನೋಡಿದಳು. ಅವನು ನಗುತ್ತಿದ್ದ. ಕಣ್ಣು ಮಾತ್ರ ಒದ್ದೆಯಾಗಿತ್ತು.

ಮದುವೆಯ ಮಾತನ್ನು ಇಬ್ಬರಿಗಿಂತ ಮೊದಲು ಎತ್ತಿದ್ದು ನಾದಿನಿ. ಇಬ್ಬರೂ ಮೊದಲ ಮಾತು ಯಾರು ಆಡಬೇಕೆಂದು ಕಾಯುತ್ತ ಕೂತರೆ ತನ್ನ ತಲೆಯೂ ನರೆಯುತ್ತದೆ ಎಂದಳು. ನಿನ್ನನ್ನು ಬಿಟ್ಟು ಹೇಗೆ ಎಂದು ಅತ್ತಿಗೆ ಕೇಳಿದಾಗ, ಬಿಡು ಅಂದವರು ಯಾರು, ಗುಲಗಂಜಿ ಮನೆಯಲ್ಲಿ ಇನ್ನೊಂದು ಕೋಣೆ ಖಾಲಿ ಇದೆ, ನೋಡಿಕೊಂಡು ಬಂದಾಯಿತು ಎಂದಳು. ರಿಜಿಸ್ಟ್ರಾರ್ ಕಚೇರಿಗೆ ಸಾಕ್ಷಿ ಹಾಕಲು ತಾನು ತಯಾರು. ಆದರೆ ಒಂದು ಷರತ್ತು.

"ಭಾವ ಆ ಸಡಿಲ ಕಪ್ಪು ಪ್ಯಾಂಟು ಹಾಕ್ಕೊಂಡು ಬಂದ್ರೆ ನಾನು ಸಹಿ ಹಾಕಲ್ಲ."

ಹಾಗಾಗಿ ಒಂದು ಬೆಳಿಗ್ಗೆ ಅವನು ಟೈಲರ್ ಅಂಗಡಿಗೆ ಬಂದ. ಕೈಯಲ್ಲಿ ತಿಳಿ ಬೂದು ಬಣ್ಣದ ಬಟ್ಟೆ, ಚೀಟಿ ಇಲ್ಲ. ನಾದಿನಿ ಗುಂಡಿ ತರುವ ನೆಪ ಹೇಳಿ ಹೊರಗೆ ಹೋದಳು. ಗುಂಡಿಯ ಡಬ್ಬಿ ಕೌಂಟರಿನ ಮೇಲೆ ತುಂಬಿಕೊಂಡೇ ಕೂತಿತ್ತು.

ಅವನು ಕನ್ನಡಿಯ ಮುಂದೆ ನಿಂತ. ಅವಳು ಕೊರಳಿನಿಂದ ಹಳೇ ಟೇಪು ತೆಗೆದು ಹತ್ತಿರ ಬಂದಾಗ ಹಳೆಯ ಅಭ್ಯಾಸಕ್ಕೆ ಅವನ ಮೈ ಸ್ವಲ್ಪ ಬಿಗಿಯಿತು. ಆದರೆ ಹಿಂದೆ ಸರಿಯಲಿಲ್ಲ.

"ಉಸಿರು ಬಿಡಿ. ಹೊಟ್ಟೆ ಒಳಗೆ ಎಳ್ಕೊಂಡ್ರೆ ಆಮೇಲೆ ನನ್ನ ಟೇಪಿಗೆ ಬೈತೀರ."

ಅವನು ಉಸಿರು ಬಿಟ್ಟ. ಅವಳು ಅವನ ಸೊಂಟವನ್ನು ಬಳಸಿ ಟೇಪು ಸುತ್ತಿದಳು. ಒಳಗಿನ ತೆಳು ಪ್ಯಾಡಿನ ಅಂಚು ಬೆರಳಿಗೆ ತಾಗಿತು. ಬೆರಳು ಅಲ್ಲಿ ಅವಸರ ಮಾಡಲಿಲ್ಲ, ಹೆಚ್ಚು ಹೊತ್ತು ನಿಲ್ಲಲೂ ಇಲ್ಲ. ಅಂಕಿ ನೋಡಿ ಸೀಮೆಸುಣ್ಣದಿಂದ ಬಟ್ಟೆಯ ಮೂಲೆಯಲ್ಲಿ ಬರೆದುಕೊಂಡಳು. ಟೇಪನ್ನು ಮಾತ್ರ ಬಿಚ್ಚಲಿಲ್ಲ.

"ಎಷ್ಟು ಬಂತು?" ಎಂದ ಅವನು.

"ನಿಮಗ್ಯಾಕೆ? ಸರಿಯಾಗಿದೆ."

ಅವನು ಕನ್ನಡಿಯಲ್ಲಿ ಅವಳ ಮುಖ ನೋಡಿದ. ಇಷ್ಟು ದಿನ ಬಾಯಿಗೆ ಬಾರದಿದ್ದ ಸಲಿಗೆ ಆಗ ತಾನಾಗಿ ಬಂತು.

"ನಿನ್ನ ಟೇಪು ಸುಳ್ಳು ಹೇಳುತ್ತೆ."

ಅವಳು ಟೇಪಿನ ಎರಡು ತುದಿಯನ್ನೂ ಹಿಡಿದು ಅವನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಹೇಳ್ಲಿ ಬಿಡು. ಕತ್ತರಿಸೋದೂ ಇದರಲ್ಲೇ ತಾನೆ."